ಬಾಯಿ ನೋಡಿ ಬಡಿಸುವುದು

ಮನೆಗೆ ಬಂದವರು ಅಕ್ವೇರಿಯಂ ಮುಂದೆ ನಿಂತರೆಂದರೆ ಮೊದಲು ಕೇಳುವುದು ಒಂದೇ ಮಾತು: "ಇವಕ್ಕೆ ಊಟ ಏನು ಹಾಕ್ತೀರಿ?" ಪಕ್ಕದಲ್ಲೇ ಇರುವ ಡಬ್ಬಿ ತೋರಿಸಿಬಿಟ್ಟರೆ ಅವರಿಗೆ ಸಮಾಧಾನ. ನನಗೆ ಮಾತ್ರ ಅಷ್ಟಕ್ಕೇ ಸಮಾಧಾನವಾಗುವುದಿಲ್ಲ. "ಯಾವುದಕ್ಕೆ?" ಎಂದು ತಿರುಗಿ ಕೇಳುತ್ತೇನೆ. ಮೈಸೂರಿನ ನಮ್ಮ ಮನೆಯ ಹಾಲಿನಲ್ಲಿರುವ ಮೂರಡಿ ಟ್ಯಾಂಕಿನಲ್ಲಿ ಸುಮಾರು 150 ಲೀಟರ್ ನೀರಿದೆ. ಅಷ್ಟರಲ್ಲೇ ಮೇಲೆ ತಿನ್ನುವವು, ನಡುವೆ ತಿನ್ನುವವು, ತಳದಲ್ಲಿ ತಿನ್ನುವವು, ಎಲ್ಲರೂ ಮಲಗಿದ ಮೇಲೆ ತಿನ್ನುವವು, ಹೀಗೆ ನಾಲ್ಕು ಪಂಗಡ. ಎಲ್ಲಕ್ಕೂ ಒಂದೇ ಡಬ್ಬಿಯಿಂದ, ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ಹಾಕಿದರೆ ಒಂದು ಪಂಗಡಕ್ಕೆ ಹಬ್ಬ, ಉಳಿದವಕ್ಕೆ ಉಪವಾಸ.

ಮೀನು ಏನು ತಿನ್ನುತ್ತದೆ ಎನ್ನುವುದನ್ನು ಅದರ ಬಾಯಿಯೇ ಹೇಳುತ್ತದೆ. ಗಪ್ಪಿಯನ್ನು ಪಕ್ಕದಿಂದ ನೋಡಿ. ಬಾಯಿ ಮೇಲಕ್ಕೆ ತಿರುಗಿದೆ, ತಲೆಯ ಮೇಲ್ಭಾಗ ಚಪ್ಪಟೆ. ನೀರಿನ ಮೇಲ್ಪದರಕ್ಕೆ ಬಾಯಿ ಹಚ್ಚಿ, ಅಲ್ಲಿ ತೇಲುವ ಸಣ್ಣ ಜೀವಿಗಳನ್ನು ಹೀರಿಕೊಳ್ಳಲೆಂದೇ ಇರುವ ಅಂಗರಚನೆ ಅದು. ಉಸಿರಿಗಾಗಿ ಮೇಲೆ ಬರುವ ಸೊಳ್ಳೆಯ ಮರಿಗಳು ನೇರವಾಗಿ ಆ ಬಾಯಿಗೇ ಬೀಳುತ್ತವೆ. ಮಲೇರಿಯಾ ಹತೋಟಿಗೆಂದು ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ನೀರಿಗೆ ಬಿಟ್ಟದ್ದರ ಹಿಂದಿರುವುದೂ ಇದೇ. ಇಂಥ ಮೀನಿಗೆ ಮುಳುಗುವ ಗುಳಿಗೆ ಹಾಕಿದರೆ ಅದು ಹೇಗೋ ಹಿಂಬಾಲಿಸಿ ಹೋಗಿ ತಿಂದೀತು. ಆದರೆ ಅದರ ಮೈ ಬಯಸುವುದು ತೇಲುವ ಆಹಾರವನ್ನು.

ಜೀಬ್ರಾ ಡ್ಯಾನಿಯೊ ಇನ್ನೊಂದು ಬಗೆ. ನಮ್ಮ ದೇಶದ್ದೇ ಮೀನು ಅದು. ಗಂಗೆಯ ಮೀನುಗಳ ಕುರಿತ 1822ರ ಪುಸ್ತಕದಲ್ಲಿ ಅದನ್ನು ಮೊದಲಿಗೆ ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮರುವರ್ಷ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದ ಬುಕನನ್ ಇವನೇ, ಆಮೇಲೆ ಹೆಸರು ಬದಲಾಯಿಸಿಕೊಂಡ. ನಮ್ಮ ಊರಿನ ಬೆಳೆ, ಕಸುಬುಗಳನ್ನೆಲ್ಲ ಬರೆದಿಟ್ಟ ಕಣ್ಣೇ ಈ ಬೆರಳುದ್ದವೂ ಇಲ್ಲದ ಮೀನಿನ ಪಟ್ಟೆಗಳನ್ನೂ ಗಮನಿಸಿತ್ತಲ್ಲ ಎಂದು ನನಗೆ ಖುಷಿ. ಡ್ಯಾನಿಯೊಗಳ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿವೆ. ಹೊಟ್ಟೆಯ ಚೀಲವೂ ಇಲ್ಲ, ನುಂಗಿದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಗಪ್ಪಿಗಳಿಗೂ ಹೊಟ್ಟೆಯ ಚೀಲವಿಲ್ಲ. ಒಂದೇ ಸಲ ತಿಂದು ಕೂಡಿಟ್ಟುಕೊಳ್ಳಲು ಜಾಗವಿಲ್ಲದ ಮೈಗೆ ದಿನಕ್ಕೊಂದು ದೊಡ್ಡ ಊಟಕ್ಕಿಂತ ಎರಡು ಮೂರು ಚಿಕ್ಕ ತುತ್ತುಗಳೇ ಹಿತ. ಇದನ್ನು ತಿಳಿದ ಮೇಲೆ ನಾನು ಬೆಳಿಗ್ಗೆಯ ಪಾಲನ್ನೇ ಒಡೆದು ಎರಡು ಹೊತ್ತಿಗೆ ಮಾಡಿದೆ, ಹೆಚ್ಚು ಮಾಡಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಫ್ಲೇಕ್ ಹಿಡಿದು ಪುಡಿ ಮಾಡಿ, ನೀರಿಗೆ ಬೆರಳು ತಾಗುವಷ್ಟು ಹತ್ತಿರದಿಂದ ಬಿಡುತ್ತೇನೆ. ಎರಡು ನಿಮಿಷದಲ್ಲಿ ಖಾಲಿಯಾಗಬೇಕು. ಉಳಿದರೆ ಮರುದಿನದ ಚಿಟಿಕೆ ಅಷ್ಟು ಸಣ್ಣದಾಗುತ್ತದೆ.

ತಳದಲ್ಲಿರುವ ಕೋರಿಡೋರಾಸ್‌ಗಳ ಊಟ ನೋಡಲು ನೆಲದ ಮೇಲೆ ಕೂರಬೇಕು, ಕಣ್ಣು ಮರಳಿನ ಮಟ್ಟಕ್ಕೆ ಬರಬೇಕು. ಬಾಯಿ ತಲೆಯ ಅಡಿಯಲ್ಲಿದೆ, ಸುತ್ತ ಗಿಡ್ಡ ಮೀಸೆಗಳು. ಮೀಸೆಯಿಂದ ಮರಳು ತಡವುತ್ತಾ ಬರುತ್ತದೆ, ಒಂದು ಕಡೆ ನಿಲ್ಲುತ್ತದೆ, ಮೂತಿಯನ್ನು ಕಣ್ಣಿನವರೆಗೂ ಮರಳಿಗೆ ಹೂತುಬಿಡುತ್ತದೆ. ಮರುಕ್ಷಣ ಕಿವಿರುಗಳ ಅಂಚಿನಿಂದ ಮರಳು ಎರಡು ಸಣ್ಣ ಧಾರೆಯಾಗಿ ಸುರಿಯುತ್ತದೆ. ತಿನ್ನುವಂಥದ್ದು ಒಳಗೆ, ಮರಳು ಹೊರಗೆ. ಜಲ್ಲಿಯಂಥ ಚೂಪು ಕಲ್ಲು ಹಾಸಿದ ಟ್ಯಾಂಕಿನಲ್ಲಿ ಈ ಕೆಲಸ ಸಾಗುವುದಿಲ್ಲ. ಮೀಸೆ ಸವೆದು ಮೊಂಡಾಗುತ್ತದೆ, ಸೋಂಕು ಹತ್ತುತ್ತದೆ. ಹಾಗಾಗಿ ಕೋರಿಯ ಊಟದ ವಿಚಾರ ಡಬ್ಬಿಯಿಂದಲ್ಲ, ನುಣುಪಾದ ಮರಳಿನಿಂದ ಶುರುವಾಗಬೇಕು. ನಡುನಡುವೆ ಅವು ಬಾಣದಂತೆ ಮೇಲಕ್ಕೆ ಹಾರಿ ಒಂದು ಗುಟುಕು ಗಾಳಿ ನುಂಗಿ ಇಳಿಯುತ್ತವೆ. ಅದು ಊಟಕ್ಕಾಗಿ ಅಲ್ಲ, ಕರುಳಿನಿಂದಲೂ ಆಮ್ಲಜನಕ ಹೀರಬಲ್ಲ ಮೀನುಗಳು ಅವು. ಆದರೆ ಒಂದೇ ಸಮನೆ ಹಾರತೊಡಗಿದರೆ ನೀರಿನಲ್ಲಿ ಉಸಿರು ಸಾಲುತ್ತಿಲ್ಲ ಎಂದು ನಾನು ಎಚ್ಚರಗೊಳ್ಳುತ್ತೇನೆ.

"ಕೆಳಗೆ ಬಿದ್ದದ್ದನ್ನು ಅವು ತಿಂದುಕೊಳ್ತವೆ" ಎನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ನಮ್ಮ ಟ್ಯಾಂಕಿನಲ್ಲಿ ಡ್ಯಾನಿಯೊಗಳ ಚುರುಕಿಗೆ ಕೆಳಗೆ ಬೀಳುವುದೇ ಇಲ್ಲ. ಆದ್ದರಿಂದ ನಾನು ಪಂಕ್ತಿ ಬೇರೆ ಮಾಡಿದೆ. ಎಡಗಡೆ ಫ್ಲೇಕ್ ಉದುರಿಸಿ ಮೇಲಿನವರನ್ನು ಅಲ್ಲಿಗೆ ಸೆಳೆದು, ಅದೇ ಹೊತ್ತಿಗೆ ಬಲಗಡೆ ಮುಳುಗುವ ಬಿಲ್ಲೆ ಬಿಡುತ್ತೇನೆ. ದೀಪ ಆರಿಸುವ ಮುಂಚೆ ಇನ್ನೊಂದು ಚೂರು. ಕೆಲವೇ ವಾರಗಳಲ್ಲಿ ಕೋರಿಗಳು ಬಲಮೂಲೆಯಲ್ಲಿ ಮೊದಲೇ ಬಂದು ಕಾಯತೊಡಗಿದವು.

ಇನ್ನು ಅಂಗಡಿಯವರು 'ಸಕ್ಕರ್' ಎನ್ನುವ ಪ್ಲೆಕೊ. ಈ ಮೀನಿನ ಬಗ್ಗೆ ಹೇಳದೆ ಇರಲಾರೆ, ಏಕೆಂದರೆ ಇದಕ್ಕಾಗುವಷ್ಟು ಅನ್ಯಾಯ ಬೇರೆ ಯಾವುದಕ್ಕೂ ಆಗುತ್ತಿಲ್ಲ. "ಗಲೀಜೆಲ್ಲ ತಿಂದು ಟ್ಯಾಂಕ್ ಕ್ಲೀನ್ ಇಡುತ್ತೆ ಸಾರ್" ಎಂದು ಎರಡಿಂಚಿನ ಮರಿ ಕಟ್ಟಿಕೊಡುತ್ತಾರೆ. ಅದು ಇತರ ಮೀನುಗಳ ಹಿಕ್ಕೆ ತಿಂದು ಬದುಕುವ ಜೀವಿಯಲ್ಲ. ಪಾಚಿ ಕೆರೆದು ತಿನ್ನುತ್ತದೆ, ನಿಜ. ಆದರೆ ದೀಪದ ಬೆಳಕಿನಲ್ಲಿ ಮಿನುಗುವ ಶುಭ್ರ ಗಾಜಿನಲ್ಲಿ ಪಾಚಿ ಎಷ್ಟಿದ್ದೀತು? ಹೊಟ್ಟೆ ಒಳಕ್ಕೆ ಸೆಳೆದು, ಕಣ್ಣು ಗುಳಿಬಿದ್ದು ಅದು ನಿಧಾನಕ್ಕೆ ಸಾಯುತ್ತದೆ. ಹಸಿದದ್ದು ಏಂಜಲ್‌ನಂಥ ಅಗಲ ಮೈಯ ಮೀನಿಗೆ ರಾತ್ರಿ ಅಂಟಿಕೊಂಡು ಅದರ ಲೋಳೆ ಕೆರೆಯುವುದೂ ಉಂಟು. ನಮ್ಮ ಮನೆಯದಕ್ಕೆ ಸೌತೆಕಾಯಿ ಬಿಲ್ಲೆಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ಸ್ಟೀಲ್ ಫೋರ್ಕಿಗೆ ಚುಚ್ಚಿ ತಳಕ್ಕೆ ಇಳಿಸುತ್ತೇವೆ. ರಾತ್ರಿ ಹತ್ತರ ಮೇಲೆ ಬರುತ್ತದೆ. ಬೆಳಿಗ್ಗೆ ಹಸಿರು ಸಿಪ್ಪೆಯ ಬಳೆ ಮಾತ್ರ ಉಳಿದಿರುತ್ತದೆ, ಅದನ್ನು ಕೂಡಲೇ ತೆಗೆಯಬೇಕು. ಚೆನ್ನಾಗಿ ತಿಂದರೆ ಇದು ಒಂದಡಿ ಮೀರಿ ಬೆಳೆಯುತ್ತದೆ. ಆಗ ಸಾಕಲಾಗದವರು ಕೆರೆಗೆ ಬಿಡುತ್ತಾರೆ. ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಅದು ಈಗ ಬಲೆ ಹರಿಯುವ, ಊರ ಮೀನಿನ ಜಾಗ ಕಸಿಯುವ ಪಿಡುಗಾಗಿದೆ. ದಯವಿಟ್ಟು ಕೆರೆಗೆ ಬಿಡಬೇಡಿ. ದೊಡ್ಡ ಟ್ಯಾಂಕ್ ಇಡಲಾಗದಿದ್ದರೆ ತರಲೇಬೇಡಿ.

ಅಮ್ಮ ಊರಿಂದ ನಮ್ಮ ಜೊತೆ ಇರಲು ಬಂದ ಮೇಲೆ ಊಟದ ಪ್ರಮಾಣದ ಚರ್ಚೆ ಮನೆಯಲ್ಲಿ ದಿನವೂ ನಡೆಯತೊಡಗಿತು. ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿ ಬಂದವಳು ಆಕೆ. ಟ್ಯಾಂಕಿನ ಮುಂದೆ ನಿಂತರೆ ಸಾಕು, ಮೀನೆಲ್ಲ ಗಾಜಿಗೆ ಬಂದು ಮುತ್ತುತ್ತವೆ.

"ಪಾಪ ಕಣೋ, ಹಸಿದಿವೆ. ಒಂದಿಷ್ಟು ಹಾಕು."

"ಈಗಷ್ಟೇ ತಿಂದಿವೆ ಅಮ್ಮ."

"ತಿಂದಿದ್ರೆ ಹೀಗೆ ಯಾಕೆ ಬಾಯಿ ಬಿಡ್ತವೆ?"

ಅಮ್ಮನ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಜರ್ಮನ್ ಭಾಷೆಯಲ್ಲಿ 1923ರಲ್ಲೇ ಪ್ರಕಟವಾಗಿತ್ತು. ಜೇನುನೊಣಗಳ ಅಧ್ಯಯನಕ್ಕೆ ಮುಂದೆ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಒಂದು ಕುರುಡು ಬೆಕ್ಕುಮೀನಿಗೆ ಊಟ ಕೊಡುವ ಮುಂಚೆ ಸಿಳ್ಳೆ ಹೊಡೆಯುತ್ತಿದ್ದರು. ಸ್ವಲ್ಪ ಕಾಲದಲ್ಲೇ ಅದು ಸಿಳ್ಳೆ ಕೇಳಿಯೇ ಅಡಗುತಾಣದಿಂದ ಹೊರಬರತೊಡಗಿತು. ಮೀನಿಗೆ ಕಿವಿ ಕೇಳಿಸುತ್ತದೆ ಎಂದು ತೋರಿಸಲು ಮಾಡಿದ ಪ್ರಯೋಗ ಅದು. ಮೀನು ಕಲಿಯುತ್ತದೆ, ನೆನಪಿಡುತ್ತದೆ ಎನ್ನುವುದೂ ಅದರಿಂದಲೇ ಕಾಣುತ್ತದೆ. ನಮ್ಮ ಮೀನುಗಳು ಕಲಿತಿರುವುದು ಅಮ್ಮನ ಸೀರೆಯ ಚಲನೆಯನ್ನು, ಡಬ್ಬಿಯ ಮುಚ್ಚಳದ ಸದ್ದನ್ನು. ಗಾಜಿಗೆ ಮುತ್ತುವುದು ಹಸಿವೆಯ ಅಳತೆಯಲ್ಲ. ಕಾಡಿನ ತೊರೆಯಲ್ಲಿ ಮುಂದಿನ ತುತ್ತು ಯಾವಾಗ ಎಂದು ಗೊತ್ತಿಲ್ಲದ ಜೀವ ಸಿಕ್ಕಿದಾಗಲೆಲ್ಲ ತಿನ್ನುವಂತೆ ರೂಪುಗೊಂಡಿದೆ, ಅಷ್ಟೇ.

ತುಂಗೆ ಹರಿಯುವ ನದಿ. ನಮ್ಮದು ನಿಂತ 150 ಲೀಟರ್. ಮೀನು ತಿಂದ ಪ್ರೋಟೀನಿನ ತ್ಯಾಜ್ಯ ಅಮೋನಿಯಾ ಆಗಿ ಹೆಚ್ಚಾಗಿ ಕಿವಿರಿನಿಂದಲೇ ನೀರು ಸೇರುತ್ತದೆ, ತಿನ್ನದೆ ಕೊಳೆತದ್ದರಿಂದಲೂ ಅದೇ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಅವುಗಳ ಶಕ್ತಿಗೂ ಮಿತಿ ಇದೆ. ನಮ್ಮ ಬೋರ್‌ವೆಲ್ ನೀರಿನ ಪಿಎಚ್ 8ರ ಹತ್ತಿರ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಚಿಟಿಕೆ ಹೆಚ್ಚು ಎನ್ನುವುದು ಚಿಕ್ಕ ಮಾತಲ್ಲ. ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಆಕೆಗೆ ಒಪ್ಪಿಗೆಯಾದದ್ದು ಮಾತ್ರ ಬೇರೆ ದಾರಿಯಿಂದ. ವಾರಕ್ಕೊಂದು ದಿನ ಮೀನಿಗೆ ಏನೂ ಹಾಕದೆ ಬಿಡುವ ರೂಢಿ ಅನೇಕ ಸಾಕಣೆಗಾರರಲ್ಲಿದೆ ಎಂದಾಗ, "ಅಂದ್ರೆ ಏಕಾದಶಿ" ಎಂದಳು. ಎಷ್ಟೋ ವರ್ಷಗಳಿಂದ ಏಕಾದಶಿ ಮಾಡಿಕೊಂಡು ಬಂದವಳು. ಈಗ ಆ ದಿನ ಡಬ್ಬಿಯನ್ನು ಆಕೆಯೇ ಎತ್ತಿಡುತ್ತಾಳೆ.

ತಿನ್ನುವ ಮೀನಿಗಿಂತ ತಿನ್ನದ ಮೀನು ಹೆಚ್ಚು ಹೇಳುತ್ತದೆ. ಬಲೆಯಲ್ಲಿ ಹಿಡಿಯುವಾಗ ಒಂದು ಡ್ಯಾನಿಯೊದ ಮೈ ತರಚಿದ ದಿನ ಉಳಿದವೆಲ್ಲ ತಳಕ್ಕಿಳಿದು ಒತ್ತಾಗಿ ನಿಂತವು, ಫ್ಲೇಕ್ ತಲೆಯ ಮೇಲೆ ತೇಲಿದರೂ ಕದಲಲಿಲ್ಲ. ಈ ವರ್ತನೆಯನ್ನು ಗುರುತಿಸಿದವರೂ ಫಾನ್ ಫ್ರಿಶ್ ಅವರೇ. ಗಾಯಗೊಂಡ ಚರ್ಮದಿಂದ ನೀರಿಗೆ ಸೇರುವ ವಸ್ತುವೊಂದು ಬಳಗಕ್ಕೆಲ್ಲ ಅಪಾಯದ ಸುದ್ದಿ ಮುಟ್ಟಿಸುತ್ತದೆ. ಡಿಸೆಂಬರಿನ ಬೆಳಗುಗಳಲ್ಲಿ ನೀರು ತಣ್ಣಗಾದಾಗಲೂ ಹಸಿವೆ ಕುಗ್ಗುತ್ತದೆ. ಹೊರಗಿನ ಬಿಸಿಯನ್ನೇ ಮೈಬಿಸಿಯಾಗಿ ಉಳ್ಳ ಜೀವಿಗೆ ಜೀರ್ಣವೂ ಆ ಬಿಸಿಗೆ ತಕ್ಕಂತೆ. 24ರಿಂದ 28 ಡಿಗ್ರಿ ಇವಕ್ಕೆ ಹಿತ. ಹೀಟರ್ ಹಾಕಿ ನೀರು ಸರಿಮಾಡಿದ ಮೇಲೆ ಊಟ. ಕರೆಂಟ್ ಹೋಗಿ ಏರ್ ಪಂಪ್ ನಿಂತ ಹೊತ್ತಿನಲ್ಲಂತೂ ಏನೂ ಹಾಕುವುದಿಲ್ಲ. ಉಂಡ ಮೇಲೆ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಇರುವುದೇ ಕಡಿಮೆ.

ಏಂಜಲ್‌ಗಳಿಗೆ ಬೇರೆ ಟ್ಯಾಂಕ್. ಅವುಗಳ ಬಾಯಿ ನೋಡಲು ಸಣ್ಣದು, ಆದರೆ ಹಿಡಿಯುವಾಗ ದವಡೆ ಮುಂದಕ್ಕೆ ಚಾಚುತ್ತದೆ. ಗೆಳೆಯರೊಬ್ಬರ ಮನೆಯಲ್ಲಿ ಜೊತೆಗಿಟ್ಟಿದ್ದ ನಿಯಾನ್ ಟೆಟ್ರಾಗಳು ಒಂದೊಂದಾಗಿ ಕಾಣೆಯಾದವು, ಕಳ್ಳರು ಅದೇ ಗಾಜಿನೊಳಗಿದ್ದರು. ಇದನ್ನು ಕ್ರೌರ್ಯ ಎನ್ನಲಾರೆ. ಬಾಯಿಗೆ ಹಿಡಿಸುವುದೆಲ್ಲ ಅವಕ್ಕೆ ಆಹಾರ. ಗಪ್ಪಿ ತಾಯಿ ಹೆತ್ತ ಮರಿಯನ್ನೇ ನುಂಗುತ್ತದೆ. ಜಾವಾ ಪಾಚಿಯ ದಟ್ಟ ಗೊಂಚಲು ಇಟ್ಟರೆ ಮರಿಗಳು ಅದರೊಳಗೆ ಸೇರಿಕೊಂಡು ಉಳಿಯುತ್ತವೆ.

ಆ ಮರಿಗಳಿಗಾಗಿ ನಾನು ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯ ಮೊಟ್ಟೆ ಒಡೆಸುತ್ತೇನೆ. ಸೋಡಾ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಉಪ್ಪುನೀರು ತುಂಬಿ, ಗಾಳಿಯ ಕೊಳವೆ ಬಿಟ್ಟರೆ ಒಂದು ದಿನದಲ್ಲಿ ನೀರೆಲ್ಲ ಕಿತ್ತಳೆ ಬಣ್ಣದ ಚುಕ್ಕೆಗಳಾಗಿ ಮಿಡುಕುತ್ತದೆ. ಗಾಳಿ ನಿಲ್ಲಿಸಿ ಟಾರ್ಚ್ ಹಿಡಿದರೆ ಜೀವವಿರುವವು ಬೆಳಕಿನ ಕಡೆ ಕೂಡುತ್ತವೆ, ಖಾಲಿ ಸಿಪ್ಪೆ ಮೇಲೆ ತೇಲುತ್ತದೆ. ಉಪ್ಪು ತೊಳೆದು ಡ್ರಾಪರಿನಲ್ಲಿ ಮರಿಗಳ ನಡುವೆ ಬಿಡುತ್ತೇನೆ. ತಿಂದವು ಯಾವು, ತಿನ್ನದವು ಯಾವು ಎಂದು ಊಹಿಸಬೇಕಿಲ್ಲ. ಪಾರದರ್ಶಕ ಹೊಟ್ಟೆಗಳು ಒಂದೊಂದೇ ಕಿತ್ತಳೆಗೆ ತಿರುಗುತ್ತವೆ. ತಿಂಡಿಯ ವಿಷಯದಲ್ಲಿ ಹೇಳಬೇಕಾದ ಇನ್ನೊಂದು ಮಾತು: ಚರಂಡಿಯಲ್ಲಿ ಹಿಡಿದ ಟ್ಯೂಬಿಫೆಕ್ಸ್ ಹುಳುಗಳನ್ನು ಜೀವಂತವಾಗಿ ತರುವುದಿಲ್ಲ, ಮೀನು ಎಷ್ಟೇ ಆಸೆಯಿಂದ ತಿಂದರೂ ಅವುಗಳ ಜೊತೆ ರೋಗ ಬರುತ್ತದೆ.

ನಾನು ಕಂಡ ಊಟಗಳಲ್ಲೆಲ್ಲ ಅಚ್ಚರಿಯದ್ದು ನಮ್ಮ ಪಶ್ಚಿಮ ಕರಾವಳಿಯ ಹಿನ್ನೀರಿನ ಮೀನಿನದು. ಆರೆಂಜ್ ಕ್ರೋಮೈಡ್ ಜೋಡಿ ಮರಿ ಮಾಡಿದಾಗ ಕಣ್ಣಾರೆ ನೋಡಿದೆ. ಮರಿಗಳ ಹಿಂಡು ಅಪ್ಪ ಅಮ್ಮಂದಿರ ಪಕ್ಕಕ್ಕೆ ಬಂದು, ಮೈಗೆ ಚಕ್ಕನೆ ಬಾಯಿ ತಾಗಿಸಿ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಹೆತ್ತವರ ಮೈಮೇಲಿನ ಲೋಳೆಯೇ ಅವುಗಳ ಊಟದ ಒಂದು ಪಾಲು. ಅಮೆಜಾನಿನ ಡಿಸ್ಕಸ್ ಮೀನೂ ಹೀಗೇ ಮರಿ ಸಾಕುತ್ತದೆ. ಆ ದಿನಗಳಲ್ಲಿ ದೊಡ್ಡವಕ್ಕೆ ಒಳ್ಳೆಯ ಆಹಾರ ಕೊಟ್ಟರೆ ಅದು ಮರಿಗಳಿಗೂ ಕೊಟ್ಟಂತೆ. ಮರಿಗಳನ್ನು ಬೇಗ ಬೇರೆ ಮಾಡಿ ಎಂಬ ಸಲಹೆಯನ್ನು ಈ ಮೀನಿನ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಊರಿಗೆ ಹೋಗುವಾಗ ಏನು ಮಾಡುತ್ತೀರಿ ಎಂದು ಬಹಳ ಜನ ಕೇಳುತ್ತಾರೆ. ಬೆಳೆದ, ಆರೋಗ್ಯವಾಗಿರುವ ಮೀನು ಒಂದು ವಾರ ಊಟವಿಲ್ಲದೆ ಇರಬಲ್ಲದು. ಹೊರಡುವ ದಿನ ಹೆಚ್ಚು ಹಾಕಿ ಹೋಗುವುದೇ ಅಪಾಯ. ವಾರಕ್ಕಿಂತ ಹೆಚ್ಚು ದಿನವಾದರೆ ಪಕ್ಕದ ಮನೆಯ ಹುಡುಗಿಗೆ ಕಾಗದದ ಪೊಟ್ಟಣಗಳನ್ನು ಕಟ್ಟಿಕೊಡುತ್ತೇನೆ. ಒಂದೊಂದರ ಮೇಲೂ ವಾರದ ಹೆಸರು, 'ಎಡ', 'ಬಲ' ಎಂಬ ಗುರುತು. ಡಬ್ಬಿಯನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿ ಹೊರಡುತ್ತೇವೆ. ಬೀಗದ ಕೈ ಅಮ್ಮನ ಹತ್ತಿರ ಇರುತ್ತದೆ.