ಕಾಣದ್ದು, ಮಾಸಿದ್ದು, ಓದಲಾಗದ್ದು: ಅರ್ಜಿದಾರರಿಗೊಂದು ಇಂಗ್ಲಿಷ್ ಪಾಠ



ವಿದ್ಯಾರ್ಥಿವೇತನದ ಅರ್ಜಿಯ ಮೇಲೆ ಬರುವ ಒಂದು ಇಂಗ್ಲಿಷ್ ಪದವನ್ನು ತಪ್ಪಾಗಿ ತಿಳಿದರೆ ಒಂದು ವರ್ಷದ ನೆರವೇ ಕೈತಪ್ಪಬಹುದು. ಸರಿಯಾಗಿ ಕಾಣದ್ದನ್ನು ಹೇಳುವ ಕೆಲವು ಪದಗಳನ್ನು ಇಲ್ಲಿ ವಿವರಿಸಿದ್ದೇವೆ.

ನಮಗೆಲ್ಲ ಪರಿಚಿತವಾದ ಚಂದ್ರದರ್ಶನದಿಂದಲೇ ಆರಂಭಿಸೋಣ. ಅಮಾವಾಸ್ಯೆಯ ಗಳಿಗೆಯಲ್ಲಿ ಚಂದ್ರನ ಬೆಳಗಿದ ಭಾಗ ಭೂಮಿಯ ಕಡೆಗಿರುವುದಿಲ್ಲ. ಆಗ ಅದು ‘ಇನ್‌ವಿಸಿಬಲ್’, ಅಂದರೆ ಕಾಣುವುದೇ ಇಲ್ಲ. ಇಪ್ಪತ್ತೊಂಬತ್ತರ ಸಂಜೆ ಸೂರ್ಯ ಮುಳುಗಿದ ಬಳಿಕ ಪಶ್ಚಿಮದ ಕಡಲಿನ ಮೇಲೆ ಕೂದಲೆಳೆಯಂತಹ ಗೆರೆ ಕಂಡರೆ ಅದು ‘ಫೇಂಟ್’: ಇದೆ, ಆದರೆ ಬಹಳ ಮಸುಕು. ಮಳೆಗಾಲದ ಮೋಡ ಅಡ್ಡ ಬಂದರೆ ‘ಆಬ್‌ಸ್ಕ್ಯೂರ್ಡ್’: ಚಂದ್ರನಲ್ಲಿ ಕೊರತೆಯಿಲ್ಲ, ಮರೆಯಾಗಿದೆ ಅಷ್ಟೆ. ಮೊಬೈಲ್‌ನಲ್ಲಿ ಫೋಟೋ ತೆಗೆಯುವಾಗ ಕೈ ನಡುಗಿ ಅಂಚು ಕಲಸಿದರೆ ‘ಬ್ಲರ್ಡ್’.

ದಾಖಲೆಗಳಿಗೂ ಇದೇ ಲೆಕ್ಕ. ಪದ ಯಾವುದೆಂದು ತಿಳಿದರೆ ಪರಿಹಾರವೂ ತಿಳಿಯುತ್ತದೆ.

ಫೇಂಟ್: ಜೆರಾಕ್ಸ್‌ನ ಶಾಯಿ ಮಾಸಿದೆ. ಮೂಲ ಪ್ರತಿಯನ್ನೇ ಸ್ಕ್ಯಾನ್ ಮಾಡಿಸಿ.
ಆಬ್‌ಸ್ಕ್ಯೂರ್ಡ್: ಬೆರಳು, ಮಡಿಕೆ ಅಥವಾ ಲ್ಯಾಮಿನೇಶನ್‌ನ ಹೊಳಪು ಅಕ್ಷರವನ್ನು ಮುಚ್ಚಿದೆ. ಅಡ್ಡಿಯನ್ನು ಸರಿಸಿ.
ಬ್ಲರ್ಡ್: ಫೋಟೋ ಅಲುಗಿದೆ. ಕಾಗದವನ್ನು ಮೇಜಿನ ಮೇಲಿಟ್ಟು, ಹಗಲು ಬೆಳಕಿನಲ್ಲಿ ಇನ್ನೊಮ್ಮೆ ತೆಗೆಯಿರಿ.
ಇಲ್ಲೆಜಿಬಲ್: ಕಾರಣ ಯಾವುದೇ ಇರಲಿ, ಅಕ್ಷರ ಓದಲಾಗುತ್ತಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಈ ಕೊನೆಯ ಪದದಲ್ಲಿ. ‘ಇಲ್ಲೆಜಿಬಲ್’ ಎಂದರೆ ಓದಲಾಗದ್ದು. ‘ಇನ್‌ಎಲಿಜಿಬಲ್’ ಎಂದರೆ ಅರ್ಹತೆಯಿಲ್ಲದವರು. ಕಿವಿಗೆ ಎರಡೂ ಹತ್ತಿರ, ಅರ್ಥದಲ್ಲಿ ಅಜಗಜಾಂತರ. ಲ್ಯಾಟಿನ್‌ನಲ್ಲಿ ‘ಓದು’ ಎಂಬ ಅರ್ಥದ ಪದದಿಂದ ‘ಲೆಜಿಬಲ್’ ಬಂದಿದೆ, ‘ಆರಿಸು’ ಎಂಬ ಅರ್ಥದ ಪದದಿಂದ ‘ಎಲಿಜಿಬಲ್’ ಬಂದಿದೆ. ಮೊದಲನೆಯದು ಕಾಗದದ ಮಾತು, ಎರಡನೆಯದು ಅರ್ಜಿದಾರರ ಮಾತು. ಆದಾಯ ಪ್ರಮಾಣಪತ್ರ ‘ನಾಟ್ ಲೆಜಿಬಲ್’ ಎಂದು ಬಂದರೆ ಮಗಳಿಗೆ ಅರ್ಹತೆಯಿಲ್ಲವೆಂದು ಕೈಚೆಲ್ಲಬೇಡಿ. ಕೇಳಿರುವುದು ಸ್ಪಷ್ಟವಾದ ಪ್ರತಿಯನ್ನು ಮಾತ್ರ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿಯೂ ದೋಷವಿದೆಯೆಂದು ಮರಳಿದ ಅರ್ಜಿಯನ್ನು ನಿಗದಿತ ದಿನದೊಳಗೆ ತಿದ್ದಿ ಮತ್ತೆ ಸಲ್ಲಿಸಲು ಅವಕಾಶವಿದೆ. ದಿನ ಕಳೆದರೆ ಅರ್ಹರೂ ಹೊರಗುಳಿಯುತ್ತಾರೆ.

ಸಂದೇಹ ಬಂದಾಗ ನಿಘಂಟು ತೆರೆಯುವ ಅಭ್ಯಾಸ ಒಳ್ಳೆಯದು. ಕಿಟೆಲ್ ಅವರ ಪ್ರಸಿದ್ಧ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದು ನಮ್ಮ ಮಂಗಳೂರಿನಲ್ಲೇ, ಬಾಸೆಲ್ ಮಿಶನ್ ಮೂಲಕ. ಪದಗಳ ಅರ್ಥ ಬಿಡಿಸುವ ಕೆಲಸ ಈ ಊರಿಗೆ ಹೊಸದಲ್ಲ.

ಅರ್ಜಿ ಕಳುಹಿಸುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡಿ. ದಾಖಲೆಯ ಫೋಟೋವನ್ನು ಮನೆಯಲ್ಲಿ ಇನ್ನೊಬ್ಬರ ಕೈಗೆ ಕೊಟ್ಟು, ಹೆಸರು, ಖಾತೆ ಸಂಖ್ಯೆ ಮತ್ತು ದಿನಾಂಕವನ್ನು ಗಟ್ಟಿಯಾಗಿ ಓದಲು ಹೇಳಿ. ಅವರು ತಡವರಿಸಿದರೆ ಮತ್ತೊಮ್ಮೆ ಫೋಟೋ ತೆಗೆಯಿರಿ. ದಾನಿಗಳು ನೀಡಿದ ನೆರವು ಅರ್ಹ ಮಕ್ಕಳ ಕೈಸೇರಲು ಈ ಐದು ನಿಮಿಷದ ಶ್ರಮವೂ ಬೇಕು.