‘ದಾಖಲೆ ಇಲ್ಲ’ ಎಂಬ ಉತ್ತರವನ್ನು ಪರಿಶೀಲಿಸುವ ಕ್ರಮ

ಗ್ರಾಮ ಪಂಚಾಯತ್ ಸದಸ್ಯರಿಗೆ ಅಧ್ಯಯನ ಪಾಠ



ತೆರಿಗೆಯ ಬೇಡಿಕೆ ಮತ್ತು ವಸೂಲಿಯ ವಿವರಗಳು ‘ಪಂಚತಂತ್ರ’ ತಂತ್ರಾಂಶದಲ್ಲಿಯೂ, ಆಸ್ತಿಯ ನಮೂನೆಗಳು ‘ಇ-ಸ್ವತ್ತು’ ತಂತ್ರಾಂಶದಲ್ಲಿಯೂ ಇರುತ್ತವೆ. ಈ ದತ್ತಾಂಶವು ನಮ್ಮ ಕಚೇರಿಯ ಗಣಕಯಂತ್ರದೊಳಗಿಲ್ಲ; ಅದು ದೂರದ ಸರ್ವರ್‌ಗೆ ಪ್ರಶ್ನೆ ಕಳುಹಿಸಿ ಉತ್ತರ ಪಡೆಯುತ್ತದೆ. ಆದುದರಿಂದ ಮಾಹಿತಿ ದೊರೆಯದಿದ್ದೊಡನೆ ದಾಖಲೆಯೇ ಇಲ್ಲವೆಂದು ಅರ್ಜಿದಾರರನ್ನು ಹಿಂದಕ್ಕೆ ಕಳುಹಿಸಬಾರದು. ಮೂರು ಹಂತಗಳನ್ನು ಕ್ರಮವಾಗಿ ಪರಿಶೀಲಿಸಬೇಕು.

1. ಸಂಪರ್ಕ: ‘ಟೈಮ್ ಔಟ್’ ಎಂದರೆ ಸಕಾಲದಲ್ಲಿ ಉತ್ತರ ಬಂದಿಲ್ಲವೆಂದರ್ಥ. ಬೇರೆ ಜಾಲತಾಣಗಳೂ ತೆರೆಯದಿದ್ದರೆ ತೊಂದರೆ ಅಂತರ್ಜಾಲದ್ದು. ಅವು ತೆರೆದರೆ ಸರ್ವರ್ ಕಡೆಯದಿರಬಹುದು. ಲಾಗಿನ್ ನಿರಾಕರಣೆಯಾದರೆ ಸಂಪರ್ಕವಿದೆ. ಪಾಸ್‌ವರ್ಡ್ ಅಥವಾ ಅನುಮತಿಯನ್ನು ನೋಡಬೇಕು.

2. ಹುಡುಕಾಟ: ‘ಅಬ್ದುಲ್ಲ’, ‘ಅಬ್ದುಲ್ಲಾ’ ನಮಗೆ ಒಂದೇ ಹೆಸರು; ಗಣಕಯಂತ್ರಕ್ಕೆ ಸಾಮಾನ್ಯವಾಗಿ ಎರಡು. ಹಳೆಯ ನುಡಿ ಅಕ್ಷರ ಸಂಕೇತದಲ್ಲಿ ನಮೂದಾದ ಹೆಸರು ಯೂನಿಕೋಡ್ ಹುಡುಕಾಟಕ್ಕೆ ಸಿಗದು. ಹೆಸರಿನ ಬದಲು ಆಸ್ತಿ ಸಂಖ್ಯೆಯಿಂದ ಹುಡುಕಿಸಬೇಕು.

3. ಪ್ರಶ್ನೆಯ ರಚನೆ: ಇಲ್ಲಿಯ ತಪ್ಪು ಹೆಚ್ಚು ಅಪಾಯಕರ, ಏಕೆಂದರೆ ದೋಷ ಸಂದೇಶವೇ ಬಾರದೆ ತಪ್ಪು ಉತ್ತರ ಬರುತ್ತದೆ. ಉದಾಹರಣೆಗೆ, ಕುಂಬ್ರ ಪೇಟೆಯ ಮೂರು ಕಟ್ಟಡಗಳಿಗೆ ತಲಾ ರೂ. 1,000 ಬೇಡಿಕೆ ಇದೆಯೆಂದು ಭಾವಿಸೋಣ. ಒಬ್ಬರು ಪೂರ್ತಿ, ಇನ್ನೊಬ್ಬರು ರೂ. 400 ಪಾವತಿಸಿದ್ದಾರೆ, ಮೂರನೆಯವರು ಏನೂ ಪಾವತಿಸಿಲ್ಲ. ಬೇಡಿಕೆ ಮತ್ತು ಪಾವತಿ ಕೋಷ್ಟಕಗಳನ್ನು ‘ಇನ್ನರ್ ಜಾಯಿನ್’ ಮೂಲಕ ಜೋಡಿಸಿದರೆ ಎರಡರಲ್ಲಿಯೂ ಇರುವ ಕಟ್ಟಡಗಳಷ್ಟೇ ಉಳಿಯುತ್ತವೆ. ಬಾಕಿ ರೂ. 600 ಎಂದು ಬರುತ್ತದೆ. ನಿಜವಾದ ಬಾಕಿ ರೂ. 1,600. ಏನೂ ಕಟ್ಟದವರೇ ಬಾಕಿದಾರರ ಪಟ್ಟಿಯಿಂದ ಹೊರಗುಳಿಯುತ್ತಾರೆ. ಬೇಡಿಕೆ ಕೋಷ್ಟಕವನ್ನು ಮೊದಲಿಟ್ಟು ‘ಲೆಫ್ಟ್ ಜಾಯಿನ್’ ಬಳಸಿದರೆ ಮೂರೂ ಕಟ್ಟಡಗಳು ಬರುತ್ತವೆ. ಆದರೆ ಮೂರನೆಯದರ ಪಾವತಿ ಅಂಕಣವು ‘ನಲ್’, ಅಂದರೆ ಖಾಲಿ. ಸಾವಿರದಿಂದ ಖಾಲಿಯನ್ನು ಕಳೆದರೆ ಉತ್ತರವೂ ಖಾಲಿ; ಅದನ್ನು ಸೊನ್ನೆಯೆಂದು ಪರಿಗಣಿಸುವಂತೆ ಪ್ರಶ್ನೆಯಲ್ಲಿಯೇ ಸೂಚಿಸಬೇಕು.

ಸದಸ್ಯರು ಪ್ರಶ್ನೆ ಬರೆಯಬೇಕಾಗಿಲ್ಲ. ತಾಳೆ ನೋಡಿದರೆ ಸಾಕು. ಒಟ್ಟು ಬೇಡಿಕೆಯಿಂದ ವಸೂಲಿಯನ್ನು ಕಳೆದ ಮೊತ್ತವು ಬಾಕಿ ಪಟ್ಟಿಯ ಮೊತ್ತಕ್ಕೆ ಸಮವಿರಬೇಕು. ಪೂರ್ತಿ ಕಟ್ಟಿದವು ಮತ್ತು ಬಾಕಿಯಿರುವವು ಸೇರಿ ಬೇಡಿಕೆ ವಹಿಯ ಕಟ್ಟಡಗಳಷ್ಟೇ ಆಗಬೇಕು. ವ್ಯತ್ಯಾಸ ಕಂಡಲ್ಲಿ ಆಸ್ತಿ ಸಂಖ್ಯೆ, ದಿನಾಂಕ, ವೇಳೆ ಮತ್ತು ಪರದೆಯ ಚಿತ್ರದೊಂದಿಗೆ ತಾಂತ್ರಿಕ ಸಿಬ್ಬಂದಿಗೆ ಲಿಖಿತವಾಗಿ ತಿಳಿಸುವಂತೆ ಕಚೇರಿಗೆ ಸೂಚಿಸಬಹುದು. ಪಟ್ಟಿಯಿಂದ ಬಿಟ್ಟುಹೋದ ರೂ. 1,000ಕ್ಕೆ ಬೇಡಿಕೆ ನೋಟಿಸು ಹೋಗುವುದಿಲ್ಲ; ದಾರಿದೀಪಕ್ಕೂ ಕುಡಿಯುವ ನೀರಿಗೂ ಆ ಹಣ ಒದಗುವುದಿಲ್ಲ.