ಪರದೇಶದ ಎಟಿಎಂ ಮುಂದೆ ನಿಂತಾಗ

ಕೊಡಿಗೇನಹಳ್ಳಿಯವರಿಗೆ ಹಿಂದೂಪುರ ಬೇರೆ ರಾಜ್ಯದ ಊರಾದರೂ ಅಲ್ಲಿನ ಎಟಿಎಂ ಹೊಸದಲ್ಲ. ದುಬೈಗೋ ಸಿಂಗಪುರಕ್ಕೋ ಮಗಳ ಮನೆಗೆ ಹೊರಟಾಗ ಮಾತ್ರ ಅದೇ ಕಾರ್ಡು ಕೈಕೊಡಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ, 2020ರ ಅಕ್ಟೋಬರ್‌ನಿಂದ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿಗಳ ಯಂತ್ರಗಳಲ್ಲಷ್ಟೇ ನಡೆಯುತ್ತವೆ. ವಿದೇಶದ ಬಳಕೆಯನ್ನು ಗ್ರಾಹಕರೇ ಬ್ಯಾಂಕಿನ ಆ್ಯಪ್‌ನಲ್ಲೋ ಶಾಖೆಯಲ್ಲೋ ಚಾಲೂ ಮಾಡಿಸಿಕೊಳ್ಳಬೇಕು. ಊರು ಬಿಡುವ ಮುಂಚೆಯೇ ಇದು ಮುಗಿಯಲಿ. ಅಲ್ಲಿಗೆ ಹೋದಮೇಲೆ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಪರದಾಟ ತಪ್ಪಿದ್ದಲ್ಲ.

ದುಡ್ಡು ಹೆಚ್ಚಾಗಿ ಸೋರುವುದು ಪರದೆಯ ಮೇಲಿನ ಒಂದು ಪ್ರಶ್ನೆಯಲ್ಲಿ. ಮೊತ್ತ ಒತ್ತಿದ ಮೇಲೆ ಕೆಲವು ಯಂತ್ರಗಳು ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ?’ ಎಂದು ಕೇಳುತ್ತವೆ. ಪರಿಚಯದ ರೂಪಾಯಿ ಕಂಡೊಡನೆ ಬೆರಳು ಅತ್ತಲೇ ಹೋಗುತ್ತದೆ. ಬೇಡ. ಆ ದರವನ್ನು ಗೊತ್ತುಮಾಡುವವರು ಯಂತ್ರದ ಕಡೆಯವರು, ಅವರ ಲಾಭವೂ ಅದರಲ್ಲೇ ಸೇರಿರುತ್ತದೆ. ದಿರ್ಹಮ್ ಆಗಲಿ, ಡಾಲರ್ ಆಗಲಿ, ಆ ದೇಶದ ಹಣದಲ್ಲೇ ಲೆಕ್ಕವಾಗಲಿ ಎಂದು ಒತ್ತಿದರೆ ವೀಸಾ, ಮಾಸ್ಟರ್‌ಕಾರ್ಡ್‌ಗಳ ದರ ಸಿಗುತ್ತದೆ. ಸಾಮಾನ್ಯವಾಗಿ ಅದೇ ಅಗ್ಗ.

ಪ್ರತಿ ಸಲವೂ ಶುಲ್ಕ ಬೀಳುವ ಕಾರ್ಡಾದರೆ ಸ್ವಲ್ಪಸ್ವಲ್ಪವೇ ತೆಗೆಯುವುದು ದುಬಾರಿ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ.

ತೆಗೆಯದ ಹಣದ ಸಂದೇಶ ಬಂದರೆ ಕಾರ್ಡನ್ನು ಕೂಡಲೇ ಬಂದ್ ಮಾಡಿಸಿ. ಗ್ರಾಹಕರದ್ದಾಗಲಿ ಬ್ಯಾಂಕಿನದ್ದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ವಂಚನೆಯಾಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟ ಹೊರಿಸುವಂತಿಲ್ಲ ಎನ್ನುತ್ತದೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. 1800ರಿಂದ ಶುರುವಾಗುವ ಉಚಿತ ಸಂಖ್ಯೆಗಳು ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಬ್ಯಾಂಕು ವಿದೇಶದಲ್ಲಿರುವವರಿಗೆಂದೇ ಕೊಟ್ಟ, +91ರಿಂದ ಶುರುವಾಗುವ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.